ಹಸಿರು ದೀಪ ಉರಿಯುತ್ತಿತ್ತು

ಪೀಣ್ಯದ ಕಾರ್ಖಾನೆಯೊಂದರಲ್ಲಿ ಸೋಮವಾರ ಬೆಳಿಗ್ಗೆ ತಗಡು ಒತ್ತುವ ಪವರ್ ಪ್ರೆಸ್ಸು ಕೆಲಸಗಾರ್ತಿ ಅಂಜಿನಮ್ಮನ ಬಲಗೈಯ ನಾಲ್ಕು ಬೆರಳು ಕತ್ತರಿಸಿತು. ತಪ್ಪು ಅವಳದೇ ಎಂದು ಮಂಗಳವಾರ ಕಾಗದ ಟೈಪಾಯಿತು.

ಆ ಕಾಗದ ಈಗ ಮುನಿಕೃಷ್ಣನ ಕೈಯಲ್ಲಿತ್ತು. ಆಸ್ಪತ್ರೆಯ ಮೆಟ್ಟಿಲ ಬಳಿ ಕಾರ್ಖಾನೆಯ ಮಾಲೀಕ ಲೋಕೇಶ್ ಅವನ ಹೆಗಲ ಮೇಲೆ ಕೈ ಹಾಕಿದ. "ಅವಳ್ಗೆ ನೀನೇ ಓದಿ ಹೇಳು ಗುರು, ನಿನ್ ಮಾತಂದ್ರೆ ನಂಬ್ತಾಳೆ. ಇಲ್ದಿದ್ರೆ ಫ್ಯಾಕ್ಟ್ರಿ ಇನ್ಸ್‌ಪೆಕ್ಟರ್ ಮಿಷಿನ್ ಮೇಲಿನ ನಿನ್ ಡಬ್ಬಾ ಬಿಚ್ಚಿ ನೋಡ್ತಾನೆ. ಆಮೇಲೆ ನಿನ್ ಕಂಪನೀನೂ ಇಲ್ಲ, ನನ್ ಫ್ಯಾಕ್ಟ್ರೀನೂ ಇಲ್ಲ."

ಡಬ್ಬದೊಳಗೆ ಏನಿದೆಯೆಂದು ಮುನಿಕೃಷ್ಣನಿಗೆ ಗೊತ್ತಿತ್ತು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಪ್ಪತ್ತೆರಡು ವರ್ಷ ಹೊರದೇಶದ ಬ್ಯಾಂಕುಗಳಿಗೆ ಕೋಡ್ ಬರೆದವನು, ಇನ್ನಾದರೂ ನಮ್ಮ ಜನಕ್ಕೆ ಬೇಕಾದ್ದು ಮಾಡೋಣವೆಂದು ಕೆಲಸ ಬಿಟ್ಟು ಕಟ್ಟಿದ ಕಂಪನಿ ಅವನದು. ಮಾಡುತ್ತಿದ್ದದ್ದು ಒಂದೇ ವಸ್ತು, ಡಬ್ಬದ ಸಮೇತ ಪ್ರೆಸ್ಸಿನ ಬಾಯಿಗೆ ಕೂರಿಸುವ ಗಾಜಿನ ಕಣ್ಣು. ಅದರ ಹಸಿರು ದೀಪ ಉರಿಯುತ್ತಿರುವಾಗ ಕೈ ಒಳಗಿದ್ದರೆ ಯಂತ್ರ ಇಳಿಯದು.

ಮೂರು ತಿಂಗಳ ಹಿಂದೆ ಲೋಕೇಶ್ ಫೋನ್ ಮಾಡಿದ್ದ. "ಎಣ್ಣೆ ಹೊಗೆ ಬಂದ್ರೂ ಮಿಷಿನ್ ನಿಲ್ಸುತ್ತಲ್ಲೋ ನಿನ್ ಕಣ್ಣು! ಏನಾದ್ರೂ ಮಾಡು, ಇಲ್ಲಾಂದ್ರೆ ಕಿತ್ಕೊಂಡ್ ಹೋಗು."

ಮುನಿಕೃಷ್ಣ ಒಂದು ಸಂಜೆ ಕೂತು ಹನ್ನೊಂದು ಸಾಲು ಕೋಡ್ ಸೇರಿಸಿದ. ಮೇಲಿಂದ ಮೇಲೆ ಯಂತ್ರ ನಿಲ್ಲಿಸಿದರೆ ಕಣ್ಣು ಹತ್ತು ನಿಮಿಷ ಮಲಗಿಬಿಡಬೇಕು. ತಪಾಸಣೆಗೆ ಬಂದವರು ಕೇಳದಿರಲೆಂದು, ಮಲಗಿರುವಾಗಲೂ ಹಸಿರು ದೀಪ ಉರಿಯುತ್ತಿರಬೇಕು.

ಅಂಜಿನಮ್ಮ ವಾರ್ಡಿನ ಕೊನೆಯ ಮಂಚದಲ್ಲಿ ಗೋಡೆಗೊರಗಿ ಕೂತಿದ್ದಳು. ಬ್ಯಾಂಡೇಜು ಸುತ್ತಿದ ಬಲಗೈ ದಿಂಬಿನ ಮೇಲಿತ್ತು.

"ಕಣ್ಣು ಮಾಡಿದೋರು ಬಂದ್ರಲ್ಲ! ಕೂತ್ಕಳಿ ಸಾರ್. ಎದರ್ಕಬ್ಯಾಡಿ, ಈ ಮಂಚಕ್ಕೆ ಪ್ರೆಸ್ಸಿಲ್ಲ."

ಮುನಿಕೃಷ್ಣ ಓದತೊಡಗಿದ. 'ಹಸಿರು ದೀಪ ಆರಿದ್ದಾಗ ನಾನು ಅಜಾಗರೂಕತೆಯಿಂದ ಕೈ ಹಾಕಿ' ಎಂಬಲ್ಲಿಗೆ ಬಂದಾಗ ಅವಳು ತಡೆದಳು.

"ಆಯುಧಪೂಜೆ ದಿನ ಮಿಷಿನ್‌ಗೆ ಕುಂಕುಮ ಇಡ್ತಿದ್ನಲ್ಲ, ನೀವು ಓಡ್ ಬಂದ್ರಿ. ಗಾಜಿನ್ ಮ್ಯಾಲೆ ಇಡ್ಬ್ಯಾಡ ಕಣಮ್ಮ, ಕಣ್ಣು ಮುಚ್ಚೋಯ್ತದೆ ಅಂದ್ರಿ. ಪಕ್ಕಕ್ಕಿಟ್ಟೆ. ಅಸ್ರು ಲೈಟ್ ಉರೀತಿದ್ರೆ ಕಣ್ಣು ಎಚ್ಚರ ಐತೆ, ಧೈರ್ಯವಾಗಿ ಕೈ ಹಾಕು ಅಂದ್ರಿ. ಅಂದ್ರೋ ಇಲ್ವೋ?"

"ಅಂದಿದ್ದೆ."

"ಉರೀತಿತ್ತು ಸಾರ್. ನಾನು ನೋಡೇ ಕೈ ಹಾಕಿದ್ದು. ನೀವಾದ್ರೂ ಯೋಳಿ, ನಂದೇನ್ ತಪ್ಪು?"

ಪಕ್ಕದ ಮಂಚದವರೂ ಇತ್ತ ತಿರುಗಿದರು. ಹೇಳಲು ಒಂದೇ ವಾಕ್ಯವಿತ್ತು. ಮುನಿಕೃಷ್ಣ ಕಾಗದದ ಅಂಚನ್ನು ಮಡಚಿದ, ಬಿಚ್ಚಿದ, ಮತ್ತೆ ಮಡಚಿದ.

ಹಿಂದೆಯೇ ಬಂದು ನಿಂತಿದ್ದ ಲೋಕೇಶ್ ಇಂಕ್ ಪ್ಯಾಡ್ ತೆರೆದು ಮಂಚದ ಮೇಲಿಟ್ಟ. "ಅದೆಲ್ಲ ಈಗ್ಯಾಕಮ್ಮ? ನಿನ್ ಮಗಳನ್ನ ಪ್ಯಾಕಿಂಗಿಗೆ ಹಾಕ್ಕೊತೀನಿ. ಎಡಗೈ ಹೆಬ್ಬೆಟ್ಟು ಒತ್ತು ಸಾಕು. ಗುರು, ಕೈ ಹಿಡಿದು ಒತ್ತಿಸು."

ಮುನಿಕೃಷ್ಣ ಕೈ ಚಾಚಿದ. ಅವಳ ಮಣಿಕಟ್ಟು ಹಿಡಿದೇಬಿಟ್ಟ.

ಅಂಜಿನಮ್ಮ ಅವನ ಬೆರಳುಗಳನ್ನೇ ನೋಡಿದಳು. ಐದೂ ಇದ್ದವು. ಕೈ ಕೊಸರಿಕೊಂಡಳು.

"ನಾನು ಏಳ್ನೇ ಕ್ಲಾಸ್ ಓದಿವ್ನಿ. ಸೈನ್ ಆಕೋ ಕೈನ ನಿಮ್ ಮಿಷಿನ್ ತಿಂದೈತೆ. ಹೆಬ್ಬೆಟ್ಟು ಒತ್ತಾಕಿಲ್ಲ."

ಎಡಗೈ ಮುಷ್ಟಿ ಬಿಗಿದು ಹೊದಿಕೆಯೊಳಗೆ ಇಟ್ಟುಕೊಂಡಳು.