ಹಲ್ಲಕ್ಕ ಕೇಳಿದ ಸಂಗೀತ

ಆಸ್ಪತ್ರೆಯವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಹಲ್ಲಿನ ಡಾಕ್ಟರು ಮುಂದಿನ ಕೋಣೆಯಲ್ಲಿ ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸಿದರೆ, ಹಿಂದಿನ ಕೋಣೆಯಲ್ಲಿ ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕೆಲಸ. ಮೇಣ ಕರಗಿಸಿ, ಹಲ್ಲು ಜೋಡಿಸಿ, ಗುಲಾಬಿ ಬಣ್ಣದ ಒಸಡು ಕೂರಿಸಿ, ಕೊನೆಗೆ ತಿರುಗುವ ಚಕ್ರಕ್ಕೆ ಹಿಡಿದು ಹೊಳಪು ಕೊಡುತ್ತಿದ್ದಳು. ಊರಿನ ಎಷ್ಟೋ ಮುದುಕರ ನಗು ಅವಳ ಕೈಯಲ್ಲಿ ತಯಾರಾದದ್ದು. ಆ ನಗುವನ್ನು ಮಾತ್ರ ಅವಳು ಕಂಡದ್ದು ಅಪರೂಪ. ರೋಗಿಗಳು ಮುಂಬಾಗಿಲಿನಿಂದ ಬಂದು ಮುಂಬಾಗಿಲಿನಿಂದಲೇ ಹೋಗುತ್ತಿದ್ದರು.

ಮದುವೆಯ ಮಾತು ಒಂದೆರಡು ಸಲ ಬಂದು ತಪ್ಪಿಹೋಗಿತ್ತು. ಆಮೇಲೆ ಹಾಸಿಗೆ ಹಿಡಿದ ಅಮ್ಮನನ್ನು ನೋಡಿಕೊಳ್ಳುವುದರಲ್ಲೇ ವಯಸ್ಸು ಸರಿಯಿತು. ಅಮ್ಮ ತೀರಿಕೊಂಡ ಮೇಲೆ ಒಂಟಿ ಕೋಣೆಯೊಂದನ್ನು ಬಾಡಿಗೆಗೆ ಹಿಡಿದಳು. ಬೇರೆ ಊರಿನಲ್ಲಿದ್ದ ತಮ್ಮ ಆಗಾಗ ಫೋನ್ ಮಾಡುತ್ತಿದ್ದ. ಊಟ ಆಯಿತೇ, ಮಂಡಿನೋವು ಹೇಗಿದೆ ಎಂದು ಕೇಳುವಷ್ಟರಲ್ಲಿ ಇಬ್ಬರ ಮಾತೂ ಮುಗಿಯುತ್ತಿತ್ತು.

ಒಂದು ಮಧ್ಯಾಹ್ನ ಅವಳು ಕಪಾಟಿನ ಧೂಳು ಒರೆಸಿ ಕೆಲಸಕ್ಕೆ ಕುಳಿತಿದ್ದಳು. ಕೋಣೆಯಲ್ಲಿ ಯಾರೋ ನರಳಿದಂತೆ ಸದ್ದು ಕೇಳಿಸಿತು. ಮೂಲೆಯಲ್ಲಿದ್ದ ಗಾಳಿಪಂಪು ಕೆಟ್ಟಿತೆಂದು ಗಾಬರಿಯಾಯಿತು. ಮುಂದಿನ ಕೋಣೆಯಲ್ಲಿ ದೀಪ ಸರಿಮಾಡುತ್ತಿದ್ದ ಎಲೆಕ್ಟ್ರಿಷಿಯನ್ನನ್ನು ಕರೆತಂದಳು. ಅವನು ಪಂಪಿನ ಮುಚ್ಚಳ ಬಿಚ್ಚಿ, ಇಣುಕಿ, ಕಿವಿಗೊಟ್ಟು ನೋಡಿದ. ಆಮೇಲೆ ಎದ್ದು ನಿಂತು ಕಪಾಟಿನ ಕಡೆ ಬೆರಳು ತೋರಿಸಿದ.

"ಪಂಪಿಗೆ ಏನೂ ಆಗಿಲ್ಲ ಅಕ್ಕಾ. ಕೂಗ್ತಾ ಇರೋದು ನಿಮ್ಮ ರೇಡಿಯೋ."

ಧೂಳು ಒರೆಸುವಾಗ ಬಟ್ಟೆ ತಗುಲಿ ರೇಡಿಯೋದ ಮುಳ್ಳು ಸರಿದಿತ್ತು. ಸಿನಿಮಾ ಹಾಡು ಬರುವ ಜಾಗದಲ್ಲಿ ಇನ್ಯಾವುದೋ ಪುಟ್ಟ ಕೇಂದ್ರ ಕೂತಿತ್ತು. ನರಳಾಟ ನಿಂತು, ವಯಸ್ಸಾದ ಗಂಡಸಿನ ದನಿಯೊಂದು ನಿಧಾನವಾಗಿ ಹೇಳಿತು: "ಈಗ ಕೇಳಿದ್ದು ಗರಗಸ. ಮರ ಕೊಯ್ಯೋ ಗರಗಸಾನೇ. ಅದನ್ನ ಬಗ್ಗಿಸಿ ಹಿಡಿದು, ಪಿಟೀಲಿನ ಕಮಾನು ಎಳೆದು ನುಡಿಸಿದ್ದಾರೆ. ಹಿಡಿಸಲಿಲ್ಲ ಅಂದ್ರೆ ಪರವಾಗಿಲ್ಲ, ಇನ್ನೊಂದ್ಸಲ ಹಾಕ್ತೀನಿ."

ಎಲೆಕ್ಟ್ರಿಷಿಯನ್ ನಗುತ್ತ ಹೊರಟುಹೋದ. ಹಲ್ಲಕ್ಕ ಮುಳ್ಳನ್ನು ಮೊದಲಿನ ಜಾಗಕ್ಕೆ ತಿರುಗಿಸಲು ಕೈ ಎತ್ತಿದವಳು ಹಾಗೇ ನಿಂತಳು. ಎರಡನೆಯ ಸಲ ಕೇಳುವಾಗ ಅದು ನರಳಾಟವಾಗಿರಲಿಲ್ಲ. ಏನೆಂದು ಕೇಳಿದ್ದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಮುಳ್ಳನ್ನು ಅಲ್ಲೇ ಬಿಟ್ಟು ಕುಳಿತಳು.

ಅಂದಿನಿಂದ ಆ ಕಾರ್ಯಕ್ರಮ ಬರುವ ಹೊತ್ತಿಗೆ ಚಕ್ರ ನಿಲ್ಲಿಸಿ, ಸದ್ದಿಲ್ಲದ ಮೇಣದ ಕೆಲಸಕ್ಕೆ ಕೂರುತ್ತಿದ್ದಳು. ಒಂದು ದಿನ ಹಿಮದ ನಾಡಿನ ಇಬ್ಬರು ಹೆಂಗಸರು ಎದುರುಬದುರು ನಿಂತು, ಒಬ್ಬಳ ಉಸಿರಿಗೆ ಇನ್ನೊಬ್ಬಳು ಉಸಿರು ಕೊಟ್ಟು ಗಂಟಲಿನಲ್ಲೇ ಹಾಡಿದರು. ಅದೊಂದು ಆಟವಂತೆ, ಮೊದಲು ನಕ್ಕವಳು ಸೋತಂತೆ. ಇನ್ನೊಂದು ದಿನ ಯಾರೋ ಪಿಯಾನೋದ ತಂತಿಗಳ ನಡುವೆ ಮೊಳೆ, ರಬ್ಬರು ತುರುಕಿ ನುಡಿಸಿದರು. ಅದು ಪಾತ್ರೆ ಅಂಗಡಿಗೆ ಮಂಗ ನುಗ್ಗಿದಂತೆ ಶುರುವಾಗಿ, ಬರಬರುತ್ತ ಯಾರೋ ದೂರದಲ್ಲಿ ಗಂಟೆ ಬಾರಿಸಿಕೊಂಡು ನಡೆದುಹೋಗುವಂತೆ ಮುಗಿಯಿತು. ಹಲ್ಲಕ್ಕ ಕೈಯಲ್ಲಿದ್ದ ಹಲ್ಲನ್ನು ತಲೆಕೆಳಗಾಗಿ ಕೂರಿಸಿ, ಮತ್ತೆ ಕಿತ್ತು ಸರಿಮಾಡಿದಳು.

ಇದನ್ನೆಲ್ಲ ಯಾರಿಗಾದರೂ ಹೇಳಬೇಕೆನಿಸಿತು. ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಹುಡುಗಿಗೆ ಹೇಳಿದರೆ ಅವಳು ಹೌದಾ ಎಂದು ಮೊಬೈಲಿಗೆ ತಲೆ ತಗ್ಗಿಸಿದಳು. ಡಾಕ್ಟರು ಒಳ್ಳೆಯವರು, ಎರಡು ನಿಮಿಷ ನಿಂತು ಕೇಳಿ, ಕಿವಿಯ ಡಾಕ್ಟರಿಗೂ ವ್ಯಾಪಾರ ಆಗಲಿ ಬಿಡಿ ಎಂದು ನಗಿಸಿ ಹೋದರು. ತಮ್ಮನೂ ಅವನ ಹೆಂಡತಿಯೂ ಮನೆಗೆ ಬಂದಾಗ, ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಆ ಇಬ್ಬರು ಹೆಂಗಸರ ಹಾಡು ಕೇಳಿಸಿದಳು. ಅತ್ತಿಗೆಗೆ ಏನೋ ಆಗಿದೆಯೆಂದು ಗಾಬರಿಯಾಗಿ ತಮ್ಮನ ಹೆಂಡತಿ ಅಡುಗೆಯ ಮೂಲೆಗೆ ಎದ್ದುಹೋದಳು. ತಮ್ಮ ಅಕ್ಕನ ಮುಖವನ್ನೇ ನೋಡುತ್ತಿದ್ದ.

"ಅಕ್ಕಾ, ನಿದ್ದೆ ಸರಿಯಾಗಿ ಬರ್ತಿದೆ ತಾನೆ?"

ಬರುತ್ತಿದೆ ಎಂದಳು. ಅವರು ಹೋದ ಮೇಲೆ ತಟ್ಟೆ ಲೋಟ ತೊಳೆಯುತ್ತ ಬಹಳ ಹೊತ್ತು ನಿಂತಿದ್ದಳು. ಮೊದಲೂ ಅವಳು ಒಬ್ಬಳೇ ಇದ್ದಳು. ಆದರೆ ಆಗ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಈಗ ಇತ್ತು.

ಅದಕ್ಕೇ ಒಂದು ರಜೆಯ ದಿನ, ರೇಡಿಯೋದಲ್ಲಿ ಹೇಳುತ್ತಿದ್ದ ವಿಳಾಸ ಹುಡುಕಿಕೊಂಡು ಹೊರಟಳು. ಟೈರಿನ ಅಂಗಡಿಯ ಮೇಲೆ, ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದ ಒಂದು ಕೋಣೆ. ಒಳಗೆ ದಪ್ಪ ಕನ್ನಡಕದ ಮುದುಕರೊಬ್ಬರು ಕ್ಯಾಸೆಟ್ಟುಗಳ ನಡುವೆ ಕುಳಿತಿದ್ದರು. ಅವಳನ್ನು ಕಂಡು, ಸದ್ದು ಜಾಸ್ತಿಯಾಯಿತೆಂದು ದೂರಲು ಬಂದವಳಿರಬೇಕೆಂದುಕೊಂಡು ಮೊದಲೇ ಕ್ಷಮೆ ಕೇಳಿದರು.

"ಇಲ್ಲಪ್ಪ, ನಾನು ಕಾರ್ಯಕ್ರಮ ಕೇಳ್ತೀನಿ. ಅದನ್ನ ಹೇಳೋಣ ಅಂತ ಬಂದೆ."

"ಯಾವ ಕಾರ್ಯಕ್ರಮ?"

"ನಿಮ್ದೇ."

ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಇಷ್ಟು ವರ್ಷದಲ್ಲಿ ಹೀಗೆ ಹೇಳಲು ಯಾರೂ ಮೆಟ್ಟಿಲು ಹತ್ತಿ ಬಂದಿರಲಿಲ್ಲವಂತೆ. ಅವರು ಹಡಗಿನಲ್ಲಿ ಅಡುಗೆಯವರಾಗಿದ್ದವರು. ಬಂದರಿಗೆ ಇಳಿದಾಗ ಉಳಿದವರು ಹೆಂಡಕ್ಕೋ ಬಟ್ಟೆಗೋ ಹೋದರೆ ಇವರು ಹಾಡು ಹುಡುಕಿಕೊಂಡು ಹೋಗುತ್ತಿದ್ದರು. ಆಯಾ ಊರಿನವರೇ ಕೇಳದ ಹಾಡುಗಳೆಂದರೆ ಅವರಿಗೆ ಪ್ರಾಣ. ಅಡುಗೆಮನೆಯ ಗೋಡೆಯಾಚೆಗೇ ಇದ್ದ ಎಂಜಿನ್ನು ಅವರ ಕಿವಿ ತಿಂದುಹಾಕಿತ್ತು. ಒಂದು ಕಿವಿ ಪೂರ್ತಿ ಹೋಗಿ, ಇನ್ನೊಂದು ಹೋಗುವುದರಲ್ಲಿತ್ತು. ಅವರು ಅವಳಿಗಾಗಿ ಒಂದು ಕ್ಯಾಸೆಟ್ಟು ಹಾಕಿ, ಸ್ಪೀಕರಿನ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟರು. ಹಲ್ಲಕ್ಕನೂ ಇಟ್ಟಳು. ಮರದ ಹಲಗೆ ಸಣ್ಣಗೆ ನಡುಗುತ್ತಿತ್ತು. ಇಬ್ಬರೂ ಕ್ಯಾಸೆಟ್ಟಿನ ಆ ಮಗ್ಗುಲು ಮುಗಿಯುವವರೆಗೆ ಕೈ ತೆಗೆಯದೆ ಕುಳಿತರು.

ಇನ್ನು ರಜೆ ಸಿಕ್ಕಾಗಲೆಲ್ಲ ಬರುತ್ತೇನೆಂದು ಅವಳು ಹೇಳಿದಳು. ಮುದುಕರು ಕ್ಯಾಸೆಟ್ಟು ತೆಗೆದು ಅದರ ಡಬ್ಬಿಗೆ ಹಾಕಿದರು.

"ಮುಂದಿನ ವಾರ ಮಗಳ ಮನೆಗೆ ಹೋಗ್ತಿದ್ದೀನಮ್ಮ. ಕೇಳಿಸದೇ ಇರೋನು ಹಾಡು ಹಾಕಬಾರದು. ಒಂದು ವರ್ಷ ಮೊದಲು ಬರಬಾರದಿತ್ತಾ ನೀವು?"

ಅವಳು ಮೆಟ್ಟಿಲಿಳಿಯಲು ಹೊರಟಾಗ ಅವರು ಕ್ಯಾಸೆಟ್ಟು ತುಂಬಿದ ಒಂದು ರಟ್ಟಿನ ಪೆಟ್ಟಿಗೆ, ಹಳೆಯ ಪ್ಲೇಯರು ಕೊಟ್ಟರು. ಮಗಳು ಇದನ್ನೆಲ್ಲ ಗುಜರಿಗೆ ಹಾಕುತ್ತಾಳೆ, ನಿಮ್ಮ ಹತ್ತಿರವಾದರೆ ಇರುತ್ತದೆ ಎಂದರು. ಕೊನೆಯ ಕಾರ್ಯಕ್ರಮದಲ್ಲಿ, ಹಲ್ಲು ಮಾಡುವ ಅಕ್ಕನೊಬ್ಬರು ಕೇಳುತ್ತಿದ್ದಾರೆ, ಇವತ್ತಿನದೆಲ್ಲ ಅವರಿಗೇ ಎಂದು ಹೇಳಿದರು. ಹಲ್ಲಕ್ಕ ಒಬ್ಬಳೇ ಹಿಂದಿನ ಕೋಣೆಯಲ್ಲಿ, ಕೈತುಂಬ ಮೇಣ ಮೆತ್ತಿಕೊಂಡು ಕೇಳಿದಳು. ಮರುವಾರ ಆ ಹೊತ್ತಿಗೆ ಯಾರೋ ಹುರುಪಿನಿಂದ ಸೋಪಿನ ಜಾಹೀರಾತು ಓದುತ್ತಿದ್ದರು.

ಅವಳು ಭಾನುವಾರದ ಬೆಳಗಿನಲ್ಲಿ ಒಂದೊಂದೇ ಕ್ಯಾಸೆಟ್ಟು ಹಾಕತೊಡಗಿದಳು. ಒಂದರ ಮೇಲೆ ಹೆಸರು ಇರಲಿಲ್ಲ. ಯಾವುದೋ ಭಾಷೆಯಲ್ಲಿ ಮುದುಕನೊಬ್ಬ, ಮೇಜು ತಟ್ಟಿಕೊಳ್ಳುತ್ತ, ಏರದೆ ಇಳಿಯದೆ ಒಂದೇ ಸ್ವರದಲ್ಲಿ ಹಾಡುತ್ತಿದ್ದ. ಹಾಡು ಮುಗಿದ ಮೇಲೆ ಕೆಮ್ಮಿದ. ಆಮೇಲೆ ಕೋಣೆಯಲ್ಲಿದ್ದ ಯಾರನ್ನೋ ಏನೋ ಕೇಳಿದ. ಮಾತು ಅರ್ಥವಾಗದಿದ್ದರೂ ಅದು ಪ್ರಶ್ನೆಯೆಂದು ದನಿಯಲ್ಲೇ ತಿಳಿಯುತ್ತಿತ್ತು. ಉತ್ತರ ಬರಲಿಲ್ಲ. ಸ್ವಲ್ಪ ಹೊತ್ತು ಟೇಪಿನ ಸುಯ್ಯೆಂಬ ಸದ್ದು, ಆಮೇಲೆ ಅದೂ ಇಲ್ಲ.

ಹಲ್ಲಕ್ಕ ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದಳು. ಮತ್ತೆ ಆ ಪ್ರಶ್ನೆ ಬಂದಾಗ, "ಹೂಂ, ಇದ್ದೀನಿ, ಹೇಳಿ" ಎಂದಳು.

ಅಂದ ಮೇಲೆ ಅವಳಿಗೇ ನಾಚಿಕೆಯಾಗಿ ಕಿಟಕಿಯ ಕಡೆ ನೋಡಿದಳು. ಬೀದಿಯಲ್ಲಿ ಯಾರೂ ಇರಲಿಲ್ಲ. ಎದ್ದು ಕ್ಯಾಸೆಟ್ಟಿನ ಮಗ್ಗುಲು ಬದಲಿಸಿ, ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕುಳಿತಳು.