ಗಂಗಮ್ಮನ ಹೊಕ್ಕುಳು

ಆ ಓವರ್‌ಸೀಯರ್ ಬಂದದ್ದು ಮಾವಿನಕಾಯಿ ಇನ್ನೂ ಹುಳಿಯಿದ್ದ ಕಾಲದಲ್ಲಿ, ಪಾಲಾರ್ ಹೊಳೆ ಬರೀ ಮರಳಾಗಿ ಮಲಗಿದ್ದಾಗ. ಹೊಳೆಯುದ್ದಕ್ಕೂ ಹಿಂದಿನವರು ಕಟ್ಟಿಟ್ಟ ಕಟ್ಟೆ, ತೂಬು, ಕಲ್ಲುಕಂಬ ಒಂದೊಂದೂ ಯಾತಕ್ಕಿತ್ತು ಎಂದು ತಿಳಿದುಕೊಂಡು ಬಾ, ಹಳೆಯ ಕಟ್ಟಳೆಯಂತೆಯೇ ನೀರು ಬಿಡಿಸೋಣ ಎಂದು ಸರ್ಕಾರ ಅವನನ್ನು ಅಟ್ಟಿತ್ತು. ಪಾಪ, ಸುಡುವ ಬಿಸಿಲಲ್ಲಿ ಟೋಪಿ ಹಾಕಿಕೊಂಡು ಮುಳಬಾಗಿಲು ಸೀಮೆಯೆಲ್ಲ ಸುತ್ತಿ "ಇದು ಯಾತಕ್ರಪ್ಪಾ?" ಎಂದು ಕೇಳಿದ್ದೇ ಕೇಳಿದ್ದು. ನಮ್ಮ ಜನ ಬಿಡುತ್ತಾರೆಯೇ? ಒಂದೂರಲ್ಲಿ ಕಲ್ಲುದೋಣಿ ತೋರಿಸಿ ಭೀಮಸೇನ ಉಂಡ ತಟ್ಟೆ ಸ್ವಾಮಿ ಎಂದರು. ಇನ್ನೊಂದೂರಲ್ಲಿ ತೂಬಿನ ಬಾಯಿ ದೆವ್ವದ ಮನೆ, ಬಗ್ಗಿ ನೋಡಬೇಡಿ ಎಂದರು. ಅವನು ಅದನ್ನೂ ಬರೆದುಕೊಂಡ.

ಬಂಡಪಲ್ಲಿಯಲ್ಲಿ ಮಾತ್ರ ತಮಾಷೆ ಇರಲಿಲ್ಲ. ಅಲ್ಲಿ ಹೊಳೆಗೆ ಅಡ್ಡಲಾಗಿ ಹಳೆಯ ಕಲ್ಲುಕಟ್ಟೆ. ಕಟ್ಟೆಯ ಹಿಂದೆ ನಿಂತ ನೀರು ಬಂಡಪಲ್ಲಿಯ ಕಾಲುವೆಗೆ ಹೋಗುತ್ತದೆ. ಕಟ್ಟೆಯ ನಡುವೆ ಒಂದು ತೂಬು. ಅದನ್ನೆತ್ತಿದರೆ ನೀರು ಕೆಳಗಿನ ಗುಂಡ್ಲಹಳ್ಳಿಗೆ. ಎತ್ತಿದರೆ ತಾನೇ! ಬಂಡಪಲ್ಲಿಯವರು ತೂಬಿಗೆ ಜೇಡಿಮಣ್ಣು ಮೆತ್ತಿ, ತಮ್ಮ ಗದ್ದೆ ತುಂಬಿ ತುಳುಕಿದ ಮೇಲೂ ಹಾಗೇ ಕೂತಿರುತ್ತಿದ್ದರು. ಕೇಳಿದರೆ ಕಟ್ಟಳೆ ಎಲ್ಲಿದೆ ತೋರಿಸಿ ಎನ್ನುತ್ತಿದ್ದರು. ಕಟ್ಟಳೆ ಇರುವುದು ಕಟ್ಟೆಯ ಹಿಂದಿನ ಕಲ್ಲುಕಂಬದಲ್ಲಿ ಎಂದು ಗುಂಡ್ಲಹಳ್ಳಿಯವರ ವಾದ. ಆದರೆ ಆ ಕಂಬ ಗಂಗಮ್ಮ. ಅರಿಶಿನ, ಹರಳೆಣ್ಣೆ, ಕಾವಿಮಣ್ಣಿನ ಮುದ್ದೆ ವರ್ಷವರ್ಷವೂ ಮೆತ್ತಿ ಮೆತ್ತಿ ಕಲ್ಲೆಂಬುದೇ ಕಾಣದಷ್ಟು ದಪ್ಪಗಾಗಿದ್ದ ಗಂಗಮ್ಮ.

ಮೆತ್ತುತ್ತಿದ್ದವಳು ಅಕ್ಕಯಮ್ಮ. ಬಂಡಪಲ್ಲಿಯ ಪಟೇಲ ಕೋದಂಡರಾಮಪ್ಪನ ಸೊಸೆ, ಹುಟ್ಟಿದ್ದು ಗುಂಡ್ಲಹಳ್ಳಿಯಲ್ಲಿ. ಎರಡೂರಿನ ಜಗಳ ಬೀಗತನದಲ್ಲಿ ಮುಗಿಯಲಿ ಎಂದು ಪಟೇಲನೇ ಮುಂದೆ ಬಿದ್ದು ಹೆಣ್ಣು ಕೇಳಿ ತಂದಿದ್ದ. ದೊಡ್ಡ ಮನಸ್ಸು ಎಂದು ಎರಡೂರೂ ಹೊಗಳಿದವು. ಮದುವೆಯಾದ ಮೊದಲ ಶುಕ್ರವಾರವೇ ಅವಳನ್ನು ಹೊಳೆಗೆ ಕರೆತಂದು, "ತಾಯೀ, ಇನ್ಮೇಲೆ ಗಂಗಮ್ಮನ ಪೂಜೆ ನಿಂದು ಕಣಮ್ಮಾ. ನೋಡು, ಇದು ಅಮ್ಮನ ಹೊಕ್ಕುಳು. ಇದನ್ನ ಬರಿದು ಬಿಡಬಾರ್ದು, ವಾರವಾರ ತುಂಬ್ಬೇಕು," ಎಂದು ಕಂಬದ ನಡುವಿನ ಗುಂಡನೆಯ ಕುಳಿ ತೋರಿಸಿ, ಅವಳ ಕೈ ಹಿಡಿದು ಅದಕ್ಕೆ ಮೊದಲ ಮುದ್ದೆ ತಾನೇ ಒತ್ತಿಸಿದ್ದ. ಅವಳು ಹಿರಿಹಿರಿ ಹಿಗ್ಗಿದಳು. ಯಾವ ಮಾವ ಬಂದ ವಾರಕ್ಕೇ ಸೊಸೆಯ ಕೈಗೆ ದೇವರನ್ನು ಕೊಡುತ್ತಾನೆ ಹೇಳಿ! ಅಂದಿನಿಂದ ಒಂದು ಶುಕ್ರವಾರ ತಪ್ಪಿಸಿದವಳಲ್ಲ. ಹೊಕ್ಕುಳಿಗೆ ಮುದ್ದೆ ಒತ್ತುವಾಗಲೆಲ್ಲ ಅವಳದು ಒಂದೇ ಬೇಡಿಕೆ: ಅಮ್ಮಾ, ನನ್ನ ತವರಿಗೂ ಒಂದಿಷ್ಟು ನೀರು ಹರಿಸು.

ಓವರ್‌ಸೀಯರನ ಮುಂದೆ ಎರಡೂರೂ ನೆರೆದ ದಿನ ಗುಂಡ್ಲಹಳ್ಳಿಯ ಪರವಾಗಿ ಮಾತಾಡಿದವನು ಅವಳ ತಮ್ಮ ಗಂಗುಲಪ್ಪ.

"ಸ್ವಾಮಿ, ಇದು ದೇವ್ರಲ್ಲ, ಅಳತೆ ಕಂಬ. ಕಂಬದ ಸುತ್ತ ಒಂದು ಗೆರೆ ಕೊರೆದವ್ರೆ. ನೀರು ಗೆರೆ ಮುಟ್ಟಿದ್ರೆ ನಮ್ಮ ತೂಬು ಎತ್ಬೇಕು. ನಮ್ಮ ತಾತ ಕಂಡಿದ್ದ."

"ಏನ್ಲಾ, ನಿಮ್ಮ ತಾತ ಕಂಡಿದ್ನಾ? ಕರ್ಕೊಂಡ್ ಬಾ ಮತ್ತೆ!" ಎಂದು ಕೋದಂಡರಾಮಪ್ಪ ನಕ್ಕ. ಆಮೇಲೆ ಅಧಿಕಾರಿಯ ಕಡೆ ಕೈ ಮುಗಿದು, "ನಾನು ಹೇಳೋದೇ ಬೇಡ ಸ್ವಾಮಿ. ಪೂಜೆ ಮಾಡೋಳು ಅವ್ನ ಸ್ವಂತ ಅಕ್ಕ. ಅವಳನ್ನೇ ಕೇಳಿ," ಎಂದ.

ಓವರ್‌ಸೀಯರನಿಗೂ ದೇವರ ಮೈ ಕೆರೆಯಲು ಧೈರ್ಯವಿರಲಿಲ್ಲ. ಅಕ್ಕಯಮ್ಮ ಸೆರಗು ಹೊದ್ದು ಮುಂದೆ ಬಂದಳು. ಅವಳಿಗೆ ತಮ್ಮನ ಮೇಲೆ ಸಿಟ್ಟೇ ಬಂದಿತ್ತು. ತವರಿಗೆ ನೀರು ಬೇಕು ನಿಜ, ಅದಕ್ಕೆ ದೇವರನ್ನು ಅಲ್ಲಗಳೆಯುವುದೇ?

"ಗೆರೆ ಪರೆ ಏನೂ ಇಲ್ಲ ಸ್ವಾಮಿ. ಇದು ಗಂಗಮ್ಮ. ನನ್ನ ಕೈಯಾರೆ ಪೂಜೆ ಮಾಡಿವ್ನಿ," ಎಂದಳು.

ಗಂಗುಲಪ್ಪ ಅವಳನ್ನೇ ನೋಡಿದ. "ಹುಟ್ಟಿದ ಮನೆ ಬಾಯಿಗೆ ಮಣ್ಣು ಹಾಕ್ಬಿಟ್ಟೆಯಲ್ಲಕ್ಕಾ," ಎಂದು ಟವಲು ಕೊಡವಿಕೊಂಡು ಹೊರಟೇಹೋದ. ನಾಳೆ ಬೆಳಿಗ್ಗೆ ಬರಹ ಮುಗಿಸಿ ಶ್ರೀನಿವಾಸಪುರದ ಕಡೆ ಹೊರಡುತ್ತೇನೆ ಎಂದು ಓವರ್‌ಸೀಯರ್ ಮಾವಿನತೋಪಿನ ಡೇರೆಗೆ ನಡೆದ.

ಸಂಜೆ ಸಗಣಿ ಬಾಚುವಾಗ ಅಕ್ಕಯಮ್ಮನ ಕೈ ಇದ್ದಕ್ಕಿದ್ದಂತೆ ನಿಂತಿತು. ಗೆರೆ ಕಂಬದ ಸುತ್ತ ಇದೆ ಎಂದಿದ್ದ ತಮ್ಮ. ಆ ಮೊದಲ ಶುಕ್ರವಾರ, ಮುದ್ದೆ ಇನ್ನೂ ತೆಳುವಾಗಿದ್ದಾಗ, ಹೊಕ್ಕುಳಿಗೆ ಒತ್ತಿದ ಬೆರಳು ಅಡ್ಡಕ್ಕೆ ಜಾರಿತ್ತು. ಗುಂಡಗಿನ ಕುಳಿಯಲ್ಲಿ ಬೆರಳು ಅಡ್ಡಕ್ಕೆ ಯಾಕೆ ಜಾರುತ್ತದೆ? ಜಾರಿ, ಕಂಬದ ಮಗ್ಗುಲವರೆಗೂ ಹೋಗಿತ್ತು.

ಗಂಡ ಮುನಿಕೃಷ್ಣಪ್ಪ ಎತ್ತಿಗೆ ಹುಲ್ಲು ಹಾಕುತ್ತಿದ್ದ. ಒಳ್ಳೆಯವನೇ, ಒಂದು ದಿನ ಹೆಂಡತಿಗೆ ಗದರಿದವನಲ್ಲ.

"ಆ ಕಂಬದಾಗೆ ಗೆರೆ ಐತಾ?" ಎಂದು ಅವಳು ಕೇಳಿದಳು.

ಅವನು ಹುಲ್ಲು ಬಿಡಿಸುತ್ತಲೇ ಇದ್ದ.

"ನಿಮ್ಮನ್ನೇ ಕೇಳ್ತಿರೋದು."

"ಈಗ್ಯಾಕೆ ಬಿಡೇ ಅದೆಲ್ಲ."

"ನಿಮ್ಗೆ ಗೊತ್ತಿತ್ತಾ?"

"ಅಪ್ಪ ಹೇಳಿದ್ರು... ಬೇರೆ ಯಾರು ಮೆತ್ತಿದ್ರೂ ಗುಂಡ್ಲಹಳ್ಳಿಯೋರು ಬಂದು ಕೆರೆದ್ಬಿಡ್ತಾರೆ, ಅವರ ಮನೆ ಮಗಳೇ ಇಟ್ಟ ಅರಿಶಿನಕ್ಕೆ ಕೈ ಹಾಕಲ್ಲ ಅಂತ. ಅದಕ್ಕೇ ಆ ಊರ ಹೆಣ್ಣು..." ಎಂದು ಅವನು ಅಲ್ಲಿಗೇ ನಿಲ್ಲಿಸಿದ. ಆಮೇಲೆ, "ನಿನ್ನನ್ನ ನಾನು ಚೆನ್ನಾಗೇ ನೋಡ್ಕೊಂಡಿಲ್ವೇನೇ?" ಎಂದ.

ಥೂ! ಅದನ್ನು ಕೇಳುವ ಹೊತ್ತೇ ಅದು? ಅಕ್ಕಯಮ್ಮ ಸಗಣಿಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. ಹೆಣ್ಣು ನೋಡಲು ಬಂದಾಗಲೂ ಇವನಿಗೆ ಗೊತ್ತಿತ್ತು, ತಾಳಿ ಕಟ್ಟುವಾಗಲೂ ಗೊತ್ತಿತ್ತು. ಹೊಳೆಯಿಂದ ಬಂದು, ಈ ಸಲ ನಮ್ಮೂರಿಗೂ ನೀರು ಕೊಡು ಅಂತ ಕೇಳ್ಕೊಂಡೆ ಕಣ್ರೀ ಎಂದು ತಾನು ಹೇಳಿದಾಗಲೆಲ್ಲ ಹೂಂ ಎಂದಿದ್ದ. ತನ್ನೂರಿನ ನೀರಿಗೆ ವಾರವಾರ ಮುಚ್ಚಳ ಮೆತ್ತುತ್ತ, ನೀರು ಕೊಡು ಎಂದು ಬೇಡಿದ್ದಳು. ಮನೆಮಂದಿಯೆಲ್ಲ ಅದನ್ನು ನೋಡುತ್ತ ಕೂತಿದ್ದರು.

ಬೆಳಿಗ್ಗೆ ಹಂಡೆಗಟ್ಟಲೆ ನೀರು ಕಾಯಿಸಿದಳು. ಸೀಗೆಪುಡಿ, ತೆಂಗಿನ ನಾರು, ಹುಣಸೆಹಣ್ಣು ಬುಟ್ಟಿಗೆ ಹಾಕಿಕೊಂಡು, ಹೊಗೆಯಾಡುವ ಕೊಡ ಸೊಂಟಕ್ಕಿಟ್ಟು, ಊರ ಹೆಂಗಸರನ್ನೆಲ್ಲ ಕೂಗುತ್ತ ಹೊಳೆಗೆ ನಡೆದಳು. "ಬನ್ರಮ್ಮಾ, ಗಂಗಮ್ಮಂಗೆ ಎಣ್ಣೆನೀರು! ಮೈಯೆಲ್ಲ ಉರೀತೈತಂತೆ ಅಮ್ಮಂಗೆ!" ಹೆಂಗಸರು ಕೊಡ ಹೊತ್ತು ಹಿಂದೆಯೇ ಬಂದರು. ದಾರಿಯಲ್ಲಿ ತೋಪಿನ ಮುಂದೆ ನಿಂತು, "ಸ್ವಾಮೀ, ತಾವೂ ಬಂದು ಪ್ರಸಾದ ತಗೊಂಡು ಹೋಗ್ಬೇಕು. ನಿನ್ನೆ ಅಂದ ಮಾತು ಇನ್ನೂ ಮುಗಿದಿಲ್ಲ," ಎಂದಳು. ನೀರು ಹೊರಲು ಬಂದಿದ್ದ ಬೈರಮ್ಮನನ್ನು ಗುಂಡ್ಲಹಳ್ಳಿಗೆ ಓಡಿಸಿ ತಮ್ಮನಿಗೂ ಹೇಳಿಕಳಿಸಿದಳು.

ಕೋದಂಡರಾಮಪ್ಪ ಪಂಚೆ ಎತ್ತಿಕಟ್ಟಿ ಮರಳಲ್ಲಿ ಓಡಿಬಂದ.

"ಏನಮ್ಮಾ ಇದು! ಇವತ್ತು ಶುಕ್ರವಾರ ಅಲ್ಲ!"

"ಮೈ ಉರಿಗೆ ವಾರ ಗೊತ್ತಾಗ್ತದಾ ಮಾವಯ್ಯಾ? ಇಷ್ಟು ವರ್ಷ ಅಮ್ಮಂಗೆ ತಲೆಗೆ ನೀರೇ ಹಾಕಿಲ್ಲ. ದೇವರು ಹೌದಾದ್ರೆ ನೀರು ಹಾಕ್ಬೇಕು. ಅಲ್ಲಾಂದ್ರೆ ಈಗ್ಲೇ ಹೇಳ್ಬಿಡಿ, ನಿಲ್ಲಿಸ್ತೀನಿ."

ಸುತ್ತ ಊರ ಹೆಂಗಸರು. ಪಕ್ಕದಲ್ಲಿ ಟೋಪಿಯ ಓವರ್‌ಸೀಯರ್. ಪಟೇಲ ಎತ್ತಿಕಟ್ಟಿದ ಪಂಚೆ ಇಳಿಬಿಟ್ಟು ಗಂಗಮ್ಮನಿಗೆ ಕೈ ಮುಗಿದ.

ಅವಳು ಬಿಸಿನೀರು ಸುರಿದಳು, ಹುಣಸೆ ತಿಕ್ಕಿದಳು, ನಾರಿನಿಂದ ಉಜ್ಜಿದಳು. ಮೊದಲು ಹಳದಿ ನೀರು ಇಳಿಯಿತು, ಆಮೇಲೆ ಕೆಂಪು, ಆಮೇಲೆ ಎಣ್ಣೆಜಿಡ್ಡಿನ ಕರೀ ಹಕ್ಕಳೆಗಳು ಕಳಚಿ ಮರಳಿಗೆ ಬಿದ್ದವು. ಹೊಕ್ಕುಳು ಅಡ್ಡಕ್ಕೆ ಬಾಯಿಬಿಟ್ಟಿತು. ಕಂಬದ ಸುತ್ತ ಬೆರಳಗಲದ ಗೆರೆ, ಅದರ ಕೆಳಗೆ ತೂಬಿನ ಚಿತ್ರ, ಎತ್ತಿದ ಬಾಗಿಲು ಸಮೇತ.

ಓವರ್‌ಸೀಯರ್ ಟೋಪಿ ತೆಗೆದು ಬಗ್ಗಿ ನೋಡಿದ. "ನೀರು ಇಲ್ಲಿಗೆ ಬಂದ್ರೆ ತೂಬು ಎತ್ತಬೇಕು. ಇಷ್ಟೇ ಅಲ್ಲವೇ ಇದರ ಕೆಲಸ? ಹಾಗೇ ಬರೀತೀನಿ," ಎಂದ.

ಅಷ್ಟರಲ್ಲಿ ಗಂಗುಲಪ್ಪ ಬಂದು ಕಟ್ಟೆಯ ಮೇಲೆ ನಿಂತಿದ್ದ. ಅವನು ಗೆರೆ ನೋಡಿದ, ಅಕ್ಕನ ಹಳದಿ ಕೈ ನೋಡಿದ. "ಅಂದ್ರೆ ಗೆರೆ ಎಲ್ಲಿದೆ ಅಂತ ನಿಂಗೆ ನಿನ್ನೇನೇ ಗೊತ್ತಿತ್ತು," ಎಂದ. ಯಾವ ಉತ್ತರ ಕೊಟ್ಟರೂ ಅವನು ನಂಬುವವನಲ್ಲ, ಅದು ಅವಳಿಗೆ ಅವನ ಮುಖದಲ್ಲೇ ಕಂಡಿತು.

ಕೋದಂಡರಾಮಪ್ಪ ಈಗ ಸೊಸೆಯ ಮೇಲೆ ತಿರುಗಿಬಿದ್ದ. "ಉಂಡ ಮನೆಗೆ ದ್ರೋಹ ಮಾಡಿದೋಳೇ! ಇನ್ನು ನನ್ನ ಮನೆ ಹೊಸ್ತಿಲು ತುಳಿದ್ರೆ ನೋಡು!"

ಮುನಿಕೃಷ್ಣಪ್ಪ ಅಪ್ಪನ ಹಿಂದೆ ನಿಂತು ಕಾಲಬೆರಳಲ್ಲಿ ಮರಳು ಕೆದಕುತ್ತಿದ್ದ. ಅಕ್ಕಯಮ್ಮ ಅವನು ತಲೆ ಎತ್ತುತ್ತಾನೇನೋ ಎಂದು ಒಂದಿಷ್ಟು ಹೊತ್ತು ಕಾದಳು. ಎತ್ತಲಿಲ್ಲ. ಬರಿದಾದ ಕೊಡವನ್ನು ಸೊಂಟಕ್ಕಿಟ್ಟುಕೊಂಡಳು.

"ನೀವು ನನ್ನನ್ನ ತಂದಿದ್ದು ಈ ಕಂಬಕ್ಕೆ ತಾನೇ ಮಾವಯ್ಯಾ? ಮನೆಗಲ್ಲವಲ್ಲ," ಎಂದಳು.