ಕಾಗೆ ಮತ್ತು ಕೊಂಬೆ

ಗುಡಿಸಲಿನ ಹತ್ತಿರ ಬಂದವನೇ ಜುಂಜೇಶ ನಿಂತುಬಿಟ್ಟ.

ತೆಂಗಿನ ಗರಿಯ ಗುಡಿಸಲು, ಮೇಲೊಂದು ನೀಲಿ ಟಾರ್ಪಾಲು. ಒಳಗೆ ಹೆಂಡತಿ ಮಂಜುಶ್ರೀ, ಹುಟ್ಟಿ ಇನ್ನೂ ತಿಂಗಳಾಗದ ಮಗು. ಸೂತಕ ಕಳೆಯುವವರೆಗೆ ಬಾಣಂತಿ ಹಟ್ಟಿಯ ಹೊರಗೇ ಇರಬೇಕೆಂಬುದು ಕುಲದ ಕಟ್ಟಳೆ. ಮುಟ್ಟಿದವರಿಗೆ ದೇವರ ಮುನಿಸು ತಪ್ಪದು. ಅವಳನ್ನು ಆಸ್ಪತ್ರೆಯಿಂದ ನೇರ ಇಲ್ಲಿಗೆ ತಂದಾಗ ಅವನು ಬೇಡವೆನ್ನಲಿಲ್ಲ. ಹಿರಿಯರ ಮನಸ್ಸು ನೋಯಿಸಬಾರದು ಎಂದಿದ್ದ. ಅದನ್ನು ವಿನಯವೆಂದೇ ತಿಳಿದಿದ್ದ.

ಬೆಳಿಗ್ಗೆ ಅವಳ ಫೋನು ಬಂದಾಗ ತಿಪಟೂರಿನ ಕಾಲೇಜಿನಲ್ಲಿ ತರ್ಕಶಾಸ್ತ್ರದ ಪಾಠ ನಡೆಸುತ್ತಿದ್ದ. ಕಾಗೆ ಕೂತಿದ್ದಕ್ಕೂ ಕೊಂಬೆ ಮುರಿದಿದ್ದಕ್ಕೂ ಸಂಬಂಧವಿಲ್ಲವೆಂದು ವಿವರಿಸಿ ಹುಡುಗರನ್ನು ನಗಿಸಿದ್ದ.

"ರೀ, ಬಂದ್ರಾ?" ಒಳಗಿನಿಂದ ಮಂಜುಶ್ರೀಯ ದನಿ. "ಮಗೀಗೆ ಮೈ ಸುಡ್ತೈತೆ. ಹಾಲೂ ಕುಡೀತಿಲ್ಲ."

"ಕಾರು ತಂದಿದೀನಿ. ಎತ್ಕಂಡು ಬಾ."

"ನಂಗೇ ತಲೆ ಸುತ್ತುತೈತೆ. ನೀವೇ ಬಂದು ಎತ್ಕಳಿ."

"ಬತ್ತೀನಿ."

ಹೋಗಲಿಲ್ಲ. ಚಿಕ್ಕಪ್ಪ ನೆನಪಾದ. ಒಮ್ಮೆ ಬಾಣಂತಿಯ ಗುಡಿಸಲಿಗೆ ಹೊಕ್ಕು ಬಂದವನಿಗೆ ಅದೇ ವಾರ ಹಾವು ಕಚ್ಚಿತ್ತು. ಬಾಯಲ್ಲಿ ನೊರೆ. ಜುಂಜೇಶ ಆಗ ಚಿಕ್ಕವನು, ಕಣ್ಣಾರೆ ಕಂಡಿದ್ದ. ಕಾಗೆ, ಕೊಂಬೆ ಎಂದುಕೊಂಡ. ದೇವರಿಲ್ಲವೆಂಬುದು ಅವನಿಗೆ ಖಚಿತವಿತ್ತು. ಮುನಿಸಿಲ್ಲವೆಂಬುದು ಖಚಿತವಿರಲಿಲ್ಲ.

ಹಟ್ಟಿಯ ಕಡೆಯಿಂದ ತಾಯಿ ಚಿತ್ತಮ್ಮ ಏದುಸಿರು ಬಿಡುತ್ತಾ ಬಂದಳು. ಇಷ್ಟು ದಿನವೂ ಸೊಸೆಗೆ ದೂರದಿಂದಲೇ ಅನ್ನ ಇಟ್ಟು ಹೋಗುತ್ತಿದ್ದವಳು.

"ಯಾಕ್ಲಾ ನಿಂತೆ?"

"ಅವ್ವಾ, ಮುಟ್ಬಾರ್ದು ಅಂತ ನೀನೇ ಅಲ್ವಾ…"

"ಅಂದಿದ್ದೆ ಕಣಪ್ಪ. ಈಗ್ಲೂ ಎದೆ ನಡುಗ್ತೈತೆ. ದೇವ್ರಿಗಾದ್ರೆ ಅಡ್ಡಬಿದ್ದು ತಪ್ಪಾಯ್ತು ಅಂತೀನಿ. ಮಗೀಗೆ ಏನಂತ ಹೇಳ್ಲಿ?"

ಬಗ್ಗಿ ಒಳಹೊಕ್ಕಳು. ಮಗುವನ್ನು ಸೆರಗಿನಲ್ಲಿ ಸುತ್ತಿ ತಂದು ಅವನ ಮುಂದೆ ಚಾಚಿದಳು. ಅವಳ ತುಟಿ ಏನೋ ಹರಕೆ ಗುನುಗುತ್ತಿತ್ತು.

"ಹಿಡ್ಕಳಪ್ಪ. ಅವಳ್ನ ಎಬ್ಬುಸ್ಕಂಡು ಬತ್ತೀನಿ."

ಅವನ ಕೈ ಮೇಲೇಳಲಿಲ್ಲ.

"ಕಾರಿನ ಬಾಗಿಲು ತೆಗೀತೀನಿ," ಎಂದು ತಿರುಗಿ ನಡೆದ.

ಮಗುವನ್ನು ಎದೆಗವಚಿಕೊಂಡು, ಸೊಸೆಯನ್ನು ಹೆಗಲಿಗೆ ಆನಿಸಿಕೊಂಡು, ಚಿತ್ತಮ್ಮ ಹೇಗೋ ಬಂದು ಹಿಂದಿನ ಸೀಟಿನಲ್ಲಿ ಕೂತಳು.

ಚಿಕ್ಕನಾಯಕನಹಳ್ಳಿಯ ರಸ್ತೆಗೆ ತಿರುಗುವಾಗ ಮಗು ಸಣ್ಣಗೆ ಅಳುತ್ತಿತ್ತು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಅಳು ನಿಂತಿತು. ನಿದ್ದೆಯೆ? ಕೇಳಲು ನಾಲಿಗೆ ಏಳಲಿಲ್ಲ. ಹಿಂದಿನವರೂ ಹೇಳಲಿಲ್ಲ. ಆಸ್ಪತ್ರೆ ಇನ್ನೂ ದೂರವಿತ್ತು.

ಕನ್ನಡಿಯಲ್ಲಿ ಮಂಜುಶ್ರೀಯ ಕಣ್ಣುಗಳು ಕಂಡವು. ರೆಪ್ಪೆ ಬಡಿಯದೆ ಅವನನ್ನೇ ನೋಡುತ್ತಿದ್ದವು. ಅವನು ಕೈಯೆತ್ತಿ ಕನ್ನಡಿಯನ್ನು ಓರೆ ಮಾಡಿದ. ಈಗ ಅದರಲ್ಲಿ ಬರೀ ರಸ್ತೆಬದಿಯ ತೆಂಗಿನ ಬೊಡ್ಡೆಗಳು. ತಲೆಯಿಲ್ಲದೆ, ಒಂದರ ಹಿಂದೊಂದು, ಹಿಂದಕ್ಕೆ ಸರಿಯುತ್ತಲೇ ಇದ್ದವು.